ಅಮ್ಮನ ಹೂವು, ರಂಗಸ್ವಾಮಿಯ ಪಾಕ

“ಸರ್ಕಾರಗಳಿಗೇ ಬೆವರಿಳಿಸಿದ ಗಂಡಸು ನಾನು. ಒಂದು ಸೇವಂತಿಗೆ ಹೂವ ಎಡಕ್ಕೆ ಬೀಳಿಸಲಾರ್ನಾ? ಬೀಳಿಸೇ ತೀರ್ತೀನಿ!”

ಕಾರ್ತೀಕದ ಒಂದು ಗುರುವಾರ ಬೆಳಿಗ್ಗೆ, ಕೊಟ್ಟಿಗೆಯ ಮುಂದೆ ಬೇವಿನ ಕಡ್ಡಿ ಅಗಿಯುತ್ತಾ, ದೇವಲಾಪುರ ಹೋಬಳಿಯ ರಂಗಸ್ವಾಮಿ ಈ ಐತಿಹಾಸಿಕ ನಿರ್ಣಯ ಕೈಗೊಂಡ. ಅನುಮೋದಿಸಲು ಅಲ್ಲಿದ್ದದ್ದು ಒಂದು ಹಸು ಮಾತ್ರ. ಅದು ಬಾಲವೆತ್ತಿ ತನ್ನ ಅಭಿಪ್ರಾಯವನ್ನು ನೆಲಕ್ಕೆ ಹಾಕಿ ಸುಮ್ಮನಾಯಿತು.

ಮೂರು ದಿನದಿಂದ ಜಿಟಿಜಿಟಿ ಹಿಡಿದಿತ್ತು. ಹೊಲದಲ್ಲಿ ನಿಂತ ರಾಗಿತೆನೆ ಮುಗ್ಗಲು ನಾರುತ್ತಿತ್ತು. ಯಾವುದೋ ಕಾಲದಲ್ಲಿ ಪೊಲೀಸಿನವನ ಲಾಠಿ ತಿಂದ ರಂಗಸ್ವಾಮಿಯ ಎಡ ಮೊಣಕಾಲು, ಹವಾಮಾನ ಇಲಾಖೆಗಿಂತ ಒಂದು ದಿನ ಮುಂಚೆಯೇ ಈ ಮಳೆಯನ್ನು ಘೋಷಿಸಿತ್ತು. ಅರವತ್ತೆರಡು ವಯಸ್ಸಿನ ಈ ಮನುಷ್ಯನಿಗೆ ಆಸ್ತಿ ಅಂತ ಇದ್ದದ್ದು ಮೂರು: ಆ ಮೊಣಕಾಲು, ಮೈಕಿಲ್ಲದೆ ಮೂರು ಬೀದಿಗೆ ಕೇಳುವ ಗಂಟಲು, ನಡುಮನೆಯ ಗೋಡೆಯ ಮೇಲೊಂದು ಫೋಟೋ. ರೈತ ಚಳವಳಿಯಲ್ಲಿ ತಾಲ್ಲೂಕು ಕಚೇರಿಯ ಮುಂದೆ ಧರಣಿ ಕೂತ, ಅವನೂ ಸೇರಿ ಹನ್ನೊಂದು ಜನ ಆ ಫೋಟೋದಲ್ಲಿ ಮುಷ್ಟಿ ಎತ್ತಿ ನಿಂತಿದ್ದರು. ಅವರಲ್ಲಿ ಏಳು ಜನಕ್ಕೆ ಈಗ ಅವರವರ ಮನೆಯಲ್ಲಿ ಬೇರೆ ಫೋಟೋ ಇತ್ತು. ಅದಕ್ಕೆ ಹಾರವೂ ಇತ್ತು.

ಇಂಥ ವೀರ ಹೂವಿನ ತಂಟೆಗೆ ಯಾಕೆ ಹೋದ? ಅದಕ್ಕೆ ಕಾರಣ ಪ್ರಮೀಳಾ ಮೇಡಂ.

ಪ್ರಮೀಳಾ ಕೆ.ಆರ್. ಪೇಟೆಯವರು. ಮೂವತ್ತು ವರ್ಷ ನರ್ಸ್ ಕೆಲಸ ಮಾಡಿ ನಿವೃತ್ತರಾದ ಮೇಲೆ ‘ದೈವಸಂಕಲ್ಪ’ ಅಂತ ಒಂದು ತರಗತಿ ಶುರುಮಾಡಿದ್ದರು. ಕರಪತ್ರದಲ್ಲಿ ಅವರ ಹೆಸರಿನ ಕೆಳಗೆ ‘ಲೈಫ್ ಕೋಚ್’ ಎಂದಿತ್ತು. ಮಂಗಳವಾರ ಮಂಗಳವಾರ ಬಸ್ಸಿಳಿದು ಬಂದು ಊರಿನ ಸಮುದಾಯ ಭವನದಲ್ಲಿ ದೀಪ ಹಚ್ಚುವರು. ಹದಿನಾಲ್ಕು ಹೆಂಗಸರು ಕಣ್ಣು ಮುಚ್ಚಿ ಕೂರುವರು. “ನಿಮ್ಮ ಎದೇಲಿರೋ ಕನಸು ನೀವು ಹಾಕ್ಕೊಂಡಿದ್ದಲ್ಲ, ದೇವ್ರು ಹಾಕಿದ್ದು. ಅದನ್ನ ವರ್ಷಾನುಗಟ್ಲೆ ಮುಂದಕ್ಕೆ ಹಾಕ್ತಾ ಹೋದ್ರೆ, ಪ್ರಸಾದ ಕೊಟ್ಟ ಕೈಯ ಹಿಂದಕ್ಕೆ ತಳ್ಳಿದಂಗೆ. ಈ ವಾರ ಒಂದೇ ಒಂದು ಹೆಜ್ಜೆ ಇಡಿ, ಸಾಕು” ಎನ್ನುವರು. ಮೋಸದ ಹೆಂಗಸಲ್ಲ. ಸೂಜಿ ಚುಚ್ಚುವಾಗ “ನೋಯಲ್ಲ” ಎನ್ನುತ್ತಿದ್ದ ಅದೇ ದನಿಯಲ್ಲಿ ಈಗ “ಆಗುತ್ತೆ” ಎನ್ನುತ್ತಿದ್ದರು, ಅಷ್ಟೆ.

ಆ ತರಗತಿಯ ಉದ್ಘಾಟನೆಗೆ ಮುಖ್ಯ ಅತಿಥಿ ಯಾರು? ನಮ್ಮ ರಂಗಸ್ವಾಮಿ! ಕರೆಂಟು ಹೋದರೂ ಕೆಡದ ಗಂಟಲೆಂದರೆ ಊರಿಗೆ ಅದೊಂದೇ. ಹಸಿರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಅವನು ಗುಡುಗಿದ್ದೇ ಗುಡುಗಿದ್ದು. “ತಾಯಂದಿರೇ! ನಿಮ್ ಕನಸಿಗೆ ಅಡ್ಡ ಬರೋ ಗಂಡ್ಸು ಯಾವನೇ ಆಗಿರ್ಲಿ, ಅವನ ಮನೆ ಮುಂದೆ ಮೊದ್ಲು ಧರಣಿ ಕೂರೋನು ನಾನು!” ಚಪ್ಪಾಳೆ ಬಿತ್ತು. ಮೂಲೆಯಲ್ಲಿ ಕೂತಿದ್ದ ಅವನ ಹೆಂಡತಿ ಯಶೋದಮ್ಮ ಮಾತ್ರ ತಟ್ಟಲಿಲ್ಲ. ಅವಳ ಕೈಯಲ್ಲಿ ಅವನ ಕೊಡೆ ಇತ್ತು.

ನಾಲ್ಕನೆಯ ಮಂಗಳವಾರ ಮಧ್ಯಾಹ್ನ, ಗಂಡನ ತಟ್ಟೆಗೆ ಮುದ್ದೆ ಇಡುತ್ತಾ ಯಶೋದಮ್ಮ ಹೇಳಿದಳು.

“ನನ್ ಕನ್ಸು ಬರ್ದುಕೊಟ್ಬುಟ್ಟೆ.”

“ಏನಂತ ಬರ್ದೆ?”

“ಆಲೆಮನೆ ಅಂತ.”

ರಂಗಸ್ವಾಮಿ ಬಾಯಿಗೆ ಎತ್ತಿದ್ದ ತುತ್ತನ್ನು ತಿರುಗಿ ತಟ್ಟೆಗೆ ಇಟ್ಟ.

ಯಶೋದಮ್ಮ ನಾಲೆ ನೀರಿನ ಸೀಮೆಯಿಂದ ಮಳೆ ನಂಬಿದ ಬೆದ್ದಲು ಸೀಮೆಗೆ ಬಂದ ಹೆಣ್ಣು. ಪಾಂಡವಪುರದ ಕಡೆ ಅವಳಪ್ಪ ಮರಿಯಯ್ಯನದು ಆಲೆಮನೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದ್ದು ಬೆಲ್ಲವಾಗುವ ಆ ಒಂದು ಗಳಿಗೆ ಇದೆಯಲ್ಲ, ಪಾಕ, ಅದಕ್ಕೆ ಗಡಿಯಾರವಿಲ್ಲ. ಒಂದು ಉಸಿರು ಮೊದಲು ಇಳಿಸಿದರೆ ಅಚ್ಚು ನಿಲ್ಲುವುದಿಲ್ಲ, ಒಂದು ಉಸಿರು ತಡವಾದರೆ ಕರಕಲು. ಊರೆಲ್ಲ ಮರಿಯಯ್ಯನ ಕಣ್ಣನ್ನು ಹೊಗಳುತ್ತಿತ್ತು. ಆದರೆ ಮರಿಯಯ್ಯ ನಂಬಿದ್ದು ಹನ್ನೊಂದು ವರ್ಷದ ಮಗಳ ಕಿವಿಯನ್ನು. “ಏನಮ್ಮಿ, ಇಳಿಸ್ಲಾ?” ಎಂದು ಕೇಳುವನು. ಗೊಳಗೊಳ ಎನ್ನುತ್ತಿದ್ದ ಕೊಪ್ಪರಿಗೆ ಪಿಸಪಿಸ ಎನ್ನಲು ಶುರುಮಾಡಿದ್ದೇ “ಇಳ್ಸಪ್ಪಾ” ಎನ್ನುವಳು. ಇಳಿಸುವನು. ಅಲ್ಲಿಂದಲೇ ಅವಳಿಗೆ ಆಸೆ: ಒಂದು ಹಂಗಾಮು ಕೊಪ್ಪರಿಗೆಯ ಮುಂದೆ ತಾನೇ ನಿಲ್ಲಬೇಕು, ಅಚ್ಚು ಬೆಲ್ಲವನ್ನು ತಾನೇ ಇಳಿಸಬೇಕು.

ಇಪ್ಪತ್ತಕ್ಕೆ ಮದುವೆಯಾಯಿತು. ಮೊದಲ ವರ್ಷವೇ ಕೇಳಿದ್ದಳು. “ಒಂದು ಮಗು ಆಗ್ಲಿ, ಒಸಿ ಮುಂದಕ್ಕಾಕು” ಅಂದ ರಂಗಸ್ವಾಮಿ. ಮಗು ಆಯಿತು. “ಅವ್ವ ಹಾಸಿಗೆ ಹಿಡ್ದವ್ಳೆ, ಒಸಿ ಮುಂದಕ್ಕಾಕು.” ಅವ್ವನೂ ಹೋದಳು. “ಚಳವಳಿ ಕಾವಲ್ಲಿ ಅದೆ ಕಣಮ್ಮಿ, ಒಸಿ ಮುಂದಕ್ಕಾಕು.” ಚಳವಳಿಯ ಕಾವು ಯಾವ ಒಲೆಯದು ಎಂದು ಇತಿಹಾಸ ಬರೆದವರು ಯಾರೂ ಕೇಳಲಿಲ್ಲ. ಫೋಟೋದಲ್ಲಿದ್ದ ಆ ಹನ್ನೊಂದು ಜನಕ್ಕೂ, ಅವರ ಹಿಂದೆ ಫೋಟೋಗೆ ಸಿಗದ ಮೂವತ್ತು ಜನಕ್ಕೂ, ಮುದ್ದೆ ತಿರುವಿದವಳು ಯಶೋದಮ್ಮ. ಹೀಗೆ ಮುಂದಕ್ಕೆ ಹಾಕಿ ಹಾಕಿ ಮೂವತ್ತನಾಲ್ಕು ವರ್ಷ. ಮರಿಯಯ್ಯ ಸತ್ತು ನಾಲ್ಕು ವರ್ಷ. ಮಗಳು ಪ್ರಿಯಾಂಕ ಮದುವೆಯಾಗಿ ಶ್ರೀರಂಗಪಟ್ಟಣ ಸೇರಿದ್ದಳು. ಈಗ ಮುಂದಕ್ಕೆ ಹಾಕಲು ಮುಂದೆಯೇ ಹೆಚ್ಚಿಗೆ ಉಳಿದಿರಲಿಲ್ಲ.

“ತಮ್ಮ ತಿಮ್ಮರಾಜು ಫೋನ್ ಮಾಡಿದ್ದ. ಪಾಕ ನೋಡೋನು ಕೈಕೊಟ್ಟವ್ನಂತೆ. ‘ನೀನು ಬಂದು ನಿಂತ್ಕತೀಯ ಅಂದ್ರೆ ಈ ಸಲ ಒಲೆ ಹಚ್ತೀನಿ ಅಕ್ಕ, ಇಲ್ಲ ಅಂದ್ರೆ ಸೋಮವಾರ ಅಪ್ಪನ ಕೊಪ್ಪರಿಗೆಯ ಗುಜರಿಗೆ ಹಾಕ್ತೀನಿ’ ಅಂದ. ಶಿವರಾತ್ರಿ ಗಂಟ ಅಷ್ಟೆ. ಓಗ್ಲಾ?” ಎಂದಳು ಯಶೋದಮ್ಮ.

ರಂಗಸ್ವಾಮಿ ಲೆಕ್ಕ ಹಾಕಿದ. ಶಿವರಾತ್ರಿಯವರೆಗೆ ಎಂದರೆ ಮೂರು ತಿಂಗಳಿಗೂ ಮೇಲೆ. ದಿನಕ್ಕೆರಡು ಮುದ್ದೆ. “ನಂಗೆ ಒಲೆ ಹಚ್ಚಕ್ಕೂ ಬರಾಕಿಲ್ಲ ಕಣಮ್ಮಿ” ಎಂದು ಮೂವತ್ತನಾಲ್ಕು ವರ್ಷದಿಂದ ಎದೆ ತಟ್ಟಿ ಹೇಳಿಕೊಂಡು ಬಂದವನು ಅವನು. ಮುದ್ದೆಗಿಂತಲೂ ಅವನನ್ನು ಹೆದರಿಸಿದ್ದು ಇನ್ನೊಂದು. ಅವಳಿಲ್ಲದ ಆ ನಡುಮನೆಯಲ್ಲಿ ಮಾತಾಡಲು ಉಳಿಯುವುದು ಫೋಟೋ ಒಂದೇ, ಅದರಲ್ಲೂ ಬದುಕಿದ್ದವರು ಅವನೂ ಸೇರಿ ನಾಲ್ಕೇ ಜನ. ಆದರೆ ಬೇಡ ಅನ್ನುವ ಹಾಗಿಲ್ಲ. ಅಂದರೆ ತನ್ನ ಮನೆಯ ಮುಂದೆ ತಾನೇ ಧರಣಿ ಕೂರಬೇಕಾಗುತ್ತದೆ!

ಆಗ ಹೊಳೆಯಿತು ಹೂವು.

ಊರಮ್ಮ ಪಟ್ಟಲದಮ್ಮನ ಗುಡಿಯಲ್ಲಿ ಹೂವಿನ ಅಪ್ಪಣೆ ಕೇಳುವುದು ತಲೆತಲಾಂತರದ ಪದ್ಧತಿ. ಪೂಜಾರಿ ಹೂವನ್ನು ಒದ್ದೆ ಮಾಡಿ ಅಮ್ಮನ ಬಲ ಎಡ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಕೇಳಿದವರು ಮುಂದೆ ಕೂರುತ್ತಾರೆ. ಅಮ್ಮನ ಬಲದ ಹೂ ಬಿದ್ದರೆ ಆಗಲಿ ಎಂದರ್ಥ, ಎಡದ್ದು ಬಿದ್ದರೆ ಬೇಡ ಎಂದರ್ಥ. ಬೋರ್‌ವೆಲ್ಲಿನಿಂದ ಹಿಡಿದು ಬೀಗತನದವರೆಗೆ ಊರಿನ ಎಲ್ಲವೂ ತೀರ್ಮಾನವಾಗುವುದು ಆ ಎರಡು ಭುಜಗಳ ಮೇಲೆಯೇ.

“ಅಮ್ಮನ ಹೂ ಕೇಳ್ಬುಡು” ಅಂದ ರಂಗಸ್ವಾಮಿ. “ಬಲಕ್ಕೆ ಕೊಟ್ರೆ ನಾನೇ ಬಸ್ ಹತ್ತಿಸ್ತೀನಿ.”

ಯಶೋದಮ್ಮ ಸೌಟು ಹಿಡಿದವಳು ಹಾಗೇ ನಿಂತಳು. “ನೀವಾ? ದೇವ್ರು ದಿಂಡ್ರು ಎಲ್ಲಾ ಬೊಗಳೆ ಅಂತ ನಮ್ ಮದ್ವೆ ದಿನ ಧಾರೆ ಮಂಟಪದಲ್ಲೇ ಭಾಷಣ ಬಿಗಿದೋರು?”

“ವಯಸ್ಸಾಯ್ತಲ್ಲ ಕಣಮ್ಮಿ. ಒಸಿ ಒಸಿ ನಂಬಿಕೆ ಬತ್ತಾ ಅದೆ.”

ಪ್ರಮೀಳಾ ಮೇಡಂಗೆ ಫೋನಿನಲ್ಲಿ ಸುದ್ದಿ ಮುಟ್ಟಿ, ಅವರು ಆನಂದಬಾಷ್ಪ ಸುರಿಸಿದರು. “ರಂಗಸ್ವಾಮಿಯಂಥೋರೇ ಬದಲಾದ್ರಾ! ಶುಕ್ರವಾರ ನಮ್ಮ ಬ್ಯಾಚು ಪೂರ್ತಿ ನಿಮ್ಮ ಜೊತೆ ಕೂರುತ್ತೆ ಯಶೋದಮ್ಮ. ಉತ್ತರ ಬರೋವರೆಗೆ ಒಬ್ಬರೂ ಏಳೋದು ಬೇಡ.”

ಹೀಗೆ ಗುರುವಾರದ ಆ ನಿರ್ಣಯ ಹುಟ್ಟಿತು. ನಿರ್ಣಯ ಉಗುಳಿ ಬಾಯಿ ಮುಕ್ಕಳಿಸಿದವನೇ ರಂಗಸ್ವಾಮಿ ಪೂಜಾರಿ ನರಸಯ್ಯನ ಹತ್ತಿರ ಹೋದ. ಇಬ್ಬರೂ ಒಟ್ಟಿಗೆ ಗೋಲಿ ಆಡಿದವರು. ಚಡ್ಡಿಯ ಜೇಬಿನಿಂದ ರಂಗಸ್ವಾಮಿ ಒಂದು ಟ್ಯೂಬು ತೆಗೆದ.

“ಏನ್ಲಾ ಇದು?”

“ಪಂಕ್ಚರ್ ಸಲೂಷನ್ನು. ಅಮ್ಮನ ಬಲಗಡೆ ಹೂವಿಗೆ ಒಂಚೂರು ಹಚ್ಬುಡು. ಎಡಗಡೇದು ತಾನಾಗೇ ಬೀಳ್ತದೆ.”

“ಥೂ ನಿನ್ನ! ಅಮ್ಮ ಏನು ಸೈಕಲ್ ಟೈರೇನ್ಲಾ? ನಾಳೆ ನನ್ ಕಣ್ಣು ಹೋದ್ರೆ ನಿಮ್ಮಪ್ಪ ಕೊಟ್ಟಾನಾ?”

“ನರಸ, ಯೋಚ್ನೆ ಮಾಡ್ಲಾ. ನನ್ ಹೆಂಡ್ರಿಗೆ ಬಲಕ್ಕೆ ಕೊಟ್ರೆ, ಮುಂದಿನ ಶುಕ್ರವಾರ ಹೂ ಕೇಳೋಳು ಯಾರು?”

ನರಸಯ್ಯ ಮೆತ್ತಗಾದ. ಅವನ ಹೆಂಡತಿ ದ್ಯಾವಮ್ಮನೂ ಅದೇ ಬ್ಯಾಚು. ನಾಗಮಂಗಲದ ಬಸ್ ಸ್ಟ್ಯಾಂಡ್ ಹತ್ತಿರ ಇಡ್ಲಿ ಗಾಡಿ ಇಡುವುದು ಅವಳ ಕನಸು. ನೋಟ್‌ಬುಕ್ಕಿನಲ್ಲಿ ಗಾಡಿಯ ಚಿತ್ರವನ್ನೂ ಬರೆದಿದ್ದಳು, ಚಕ್ರ ಸಮೇತ.

ಕೊನೆಗೆ ನರಸಯ್ಯ ಧರ್ಮಸೂಕ್ಷ್ಮವೊಂದನ್ನು ಹೇಳಿದ. “ರಬ್ಬರು ಆಗಾಕಿಲ್ಲ. ಬೆಲ್ಲದ ಪಾಕ ಆದ್ರೆ ಪರ್ವಾಗಿಲ್ಲ. ಬೆಲ್ಲ ನೈವೇದ್ಯ ತಾನೆ? ಬಾಯಿಗೆ ಇಟ್ರೇನು, ಭುಜಕ್ಕೆ ಇಟ್ರೇನು. ಆದ್ರೆ ನಮ್ಮನೇಲಿ ಕಾಯಿಸಕ್ಕಾಗಾಕಿಲ್ಲ, ದ್ಯಾವಿ ಮೂಗು ನಾಯಿ ಮೂಗು. ನೀನೇ ಮಾಡ್ಕಂಬಾ.”

ಶುಕ್ರವಾರ ಬೆಳಿಗ್ಗೆ ಹೆಂಗಸರೆಲ್ಲ ಗುಡಿ ಸಾರಿಸಲು ಹೋದರು. ಮನೆ ಖಾಲಿ. ರಂಗಸ್ವಾಮಿ ಅಡುಗೆಮನೆಯನ್ನು ಪ್ರವೇಶಿಸಿದ. ಶತ್ರುಪಾಳೆಯಕ್ಕೆ ನುಗ್ಗಿದ ಸೇನಾಪತಿಯಂತೆ ನಾಲ್ಕೂ ದಿಕ್ಕು ನೋಡಿದ. ಗ್ಯಾಸ್ ತಿರುಗಿಸಿ ಲೈಟರು ಹುಡುಕಿದ, ಲೈಟರು ಸಿಕ್ಕಾಗ ಗ್ಯಾಸು ಮನೆ ತುಂಬಿತ್ತು, ಕಿಟಕಿ ತೆಗೆದು ಟವಲು ಬೀಸಿದ. ಕೊನೆಗೆ ಬುಸ್ಸೆಂದು ಹತ್ತಿಕೊಂಡಾಗ ಅವನ ಬಲ ಮೀಸೆ ಎಡ ಮೀಸೆಗಿಂತ ಅರ್ಧ ಅಂಗುಲ ಕಡಿಮೆಯಾಗಿತ್ತು.

ಬೆಲ್ಲ ಎಲ್ಲಿ? ಡಬ್ಬಿಯಲ್ಲಿ ಇರಲಿಲ್ಲ. ಅಟ್ಟದ ಮೇಲೆ ಬಟ್ಟೆ ಕಟ್ಟಿಟ್ಟ ಕುಡಿಕೆಯಲ್ಲಿ ಕಪ್ಪಗಾದ ಎರಡು ಅಚ್ಚು ಸಿಕ್ಕಿತು. “ಹಳೇ ಬೆಲ್ಲ, ಯಾರು ಕೇಳ್ತಾರೆ” ಎಂದುಕೊಂಡ. ಕೈಗೆ ಸಿಕ್ಕಿದ ಹಿತ್ತಾಳೆ ಪಾತ್ರೆಗೆ ಎರಡನ್ನೂ ಹಾಕಿ ಉರಿ ಪೂರ್ತಿ ಏರಿಸಿದ. ನೀರು ಹಾಕಬೇಕೆಂದು ಅವನಿಗೆ ಯಾವ ಚಳವಳಿಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ. ಬೆಲ್ಲ ಕರಗಿತು, ಉಕ್ಕಿತು, ಹೊಗೆಯಿತು. ಸೌಟೆಂದು ಹಿಡಿದದ್ದು ಇಕ್ಕಳವಾಗಿತ್ತು. ಬೆರಳಿನಿಂದ ಮುಟ್ಟಿ ನೋಡಿ “ಅಯ್ಯಯ್ಯಪ್ಪೋ!” ಎಂದು ಮೂರು ಬೀದಿಗೆ ಕೇಳುವಂತೆ ಘೋಷಣೆ ಕೂಗಿದ. ಅಂತೂ ಒಂದು ಕರಟದ ತುಂಬ ಕರಿ ಅಂಟು ತಯಾರಾಯಿತು. ಪಾತ್ರೆಯ ತಳದಲ್ಲಿ ಅಂಗೈ ದಪ್ಪ ಕರಕಲು. ಉಜ್ಜಿದ, ಕೆರೆದ, ಕಲ್ಲಿನಿಂದ ಕುಟ್ಟಿದ. ಬಿಡಲಿಲ್ಲ. ಪಾತ್ರೆಯನ್ನು ತಿಪ್ಪೆಯಲ್ಲಿ ಹೂತು, ಕರಟವನ್ನು ಟವಲಿನಲ್ಲಿ ಮುಚ್ಚಿಕೊಂಡು ಗುಡಿಯ ಹಿಂಬಾಗಿಲಿಗೆ ಓಡಿದ. ದಾರಿಯಲ್ಲಿ ಎದುರಾದ ಯಶೋದಮ್ಮ ಬೆರಳಿನ ಬೊಬ್ಬೆ ನೋಡಿ ಕೇಳಿದ್ದಕ್ಕೆ “ಬೀಡಿ ಸುಟ್ಕಂಡೆ” ಅಂದ. ಅವನು ಬೀಡಿ ಬಿಟ್ಟು ಒಂಬತ್ತು ವರ್ಷವಾಗಿತ್ತು.

ನರಸಯ್ಯ ಕೊಟ್ಟ ಮಾತಿನಂತೆ ಅಮ್ಮನ ಬಲಭುಜದ ಮೂರು ಹೂವಿಗೆ ಪಾಕ ಮೆತ್ತಿ ಒತ್ತಿದ. ಅಷ್ಟರಲ್ಲಿ ಹೆಂಗಸರ ದಂಡು ಬಾಗಿಲಿಗೆ ಬಂದುಬಿಟ್ಟಿತು. ಗಾಬರಿಯಲ್ಲಿ ಕೈ ತೊಳೆಯಲು ಬಿಡುವಾಗಲಿಲ್ಲ. ಅದೇ ಅಂಟು ಬೆರಳಿನಲ್ಲೇ ಎಡಭುಜದ ಮೂರನ್ನೂ ಒತ್ತಿದ! ಹಾಗೆ ಆರಕ್ಕೆ ಆರೂ ಹೂವು, ನೀರು ಕಾಣದ ಪಾಕದಲ್ಲಿ, ಗಾರೆ ಹಾಕಿದಂತೆ ಕೂತವು.

ಹನ್ನೊಂದು ಗಂಟೆಗೆ ಯಶೋದಮ್ಮ ಕೈ ಮುಗಿದು ಕೂತಳು. “ಅವ್ವಾ, ನಾನು ಅಪ್ಪನ ಆಲೆಮನೆಗೆ ಓಗ್ಲಾ ಬ್ಯಾಡ್ವಾ, ನೀನೇ ಹೇಳು.” ಹಿಂದೆ ಹದಿಮೂರು ಹೆಂಗಸರು, ಪಕ್ಕದಲ್ಲಿ ಪ್ರಮೀಳಾ ಮೇಡಂ. ಕಂಬಕ್ಕೆ ಒರಗಿ ರಂಗಸ್ವಾಮಿ. ಅವನ ಕಣ್ಣು ಅಮ್ಮನ ಎಡಭುಜದ ಮೇಲೆ.

ಹನ್ನೆರಡಾಯಿತು. ಹೂ ಅಲುಗಲಿಲ್ಲ. ಒಂದಾಯಿತು. ಅಲುಗಲಿಲ್ಲ. ರಂಗಸ್ವಾಮಿ ನರಸಯ್ಯನನ್ನು ನೋಡಿದ. ನರಸಯ್ಯ ತನ್ನ ಬೆರಳನ್ನು ನೋಡಿಕೊಂಡ. ಎರಡು ಬೆರಳು ಒಂದಕ್ಕೊಂದು ಅಂಟಿ ಬಿಡಿಸಲಾಗದಂತಿದ್ದವು. ಆಗ ಇಬ್ಬರಿಗೂ ಅರ್ಥವಾಯಿತು. ಆದರೆ ಯಾರಿಗೆ ಹೇಳುವುದು?

ಊಟದ ಹೊತ್ತಿಗೆ ಗಂಡಸರು ಒಬ್ಬೊಬ್ಬರೇ ಗುಡಿಯ ಬಾಗಿಲಿಗೆ ಬಂದು ಇಣುಕಿದರು. ನಿಂಗರಾಜು ಎಂಬುವನು ಧೈರ್ಯ ಮಾಡಿ ಹೆಂಡತಿಯನ್ನು ಕರೆದ. “ಲೇ ಚಿಕ್ಕಬೋರಿ, ಸಾರು ಎಲ್ ಮಡಗಿದ್ದೀಯೇ?”

“ಮಡಗಿಲ್ಲ.”

“ಮತ್ತೆ ಊಟ?”

“ಅಮ್ಮ ಹೂ ಕೊಟ್ಮ್ಯಾಲೆ.”

“ಯಾವಾಗ್ ಕೊಟ್ಟಾಳು?”

“ನನ್ನ ಕೇಳ್ತೀಯಲ್ಲ, ನಾನೇನು ಅಮ್ಮನ ಸೆಕ್ರೆಟ್ರಿಯಾ?”

ಹೆಂಗಸರು ನಕ್ಕರು. ಕೂತು ಕೂತು ಅವರಿಗೆ ಅದರಲ್ಲಿ ಒಂದು ರುಚಿ ಹತ್ತತೊಡಗಿತ್ತು. ಯಶೋದಮ್ಮ ಹಿಂದೆ ತಿರುಗದೆಯೇ ಹೇಳಿದಳು. “ಎರಡೆರಡು ಗಂಟೆಗೆ ಮುಂದಿನ ಸಾಲಿನೋರು ಹಿಂದಕ್ಕೆ ಓಗಿ, ಹಿಂದಿನೋರು ಬನ್ನಿ. ನೀರಿನ ಬಿಂದಿಗೆ ನೆಳ್ಳಲ್ಲಿ ಮಡಗಿ. ಯಾರಾದ್ರೂ ಎದ್ದು ಆಚೆ ಓಗ್ಬೇಕಾದ್ರೆ ನಿಮ್ ಜಾಗದಲ್ಲಿ ಚೊಂಬು ಮಡಗಿ ಓಗಿ, ಕೂತ ಜಾಗ ಖಾಲಿ ಆಗ್ಬಾರ್ದು.”

“ಇದೆಲ್ಲ ಎಲ್ಲಿ ಕಲಿತ್ರಿ ಯಶೋದಮ್ಮ?” ಪ್ರಮೀಳಾ ಬೆರಗಾದರು.

“ಕಲಿಯಾದೇನು ಮೇಡಂ. ಇವ್ರು ತಾಲ್ಲೂಕಾಫೀಸ್ ಮುಂದೆ ಕೂತಾಗ ಇಪ್ಪತ್ತಾರು ದಿನ ಮುದ್ದೆ ಹೊತ್ಕೊಂಡು ಓಗ್ತಿದ್ದೆ. ನೋಡಿವ್ನಿ.”

ರಂಗಸ್ವಾಮಿಯ ಮೊಣಕಾಲು ಸೆಳೆಯಿತು. ಇಪ್ಪತ್ತಾರು ದಿನದ ಆ ಧರಣಿಯ ಬಗ್ಗೆ ಅವನು ಐನೂರು ಸಲ ಭಾಷಣ ಮಾಡಿದ್ದ. ಮುದ್ದೆ ಯಾರು ತಂದರು ಎನ್ನುವುದು ಒಂದರಲ್ಲೂ ಬಂದಿರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಕಪ್ಪಗೆ ಕವಿದುಕೊಂಡು ಗುಡಿಯೊಳಗೆ ದೀಪವೊಂದೇ ಉಳಿಯಿತು. ಹದಿನಾಲ್ಕು ಹೆಂಗಸರು ಒಂದೂ ಮಾತಾಡದೆ ಆರು ಹೂವುಗಳನ್ನು ನೋಡುತ್ತಿದ್ದರು. ಯಶೋದಮ್ಮನ ತುಟಿ ಮಾತ್ರ ಅಲುಗುತ್ತಿತ್ತು. ಕಿವಿಗೊಟ್ಟು ಕೇಳಿದರೆ ಮಂತ್ರವಲ್ಲ. “ಸೋಮವಾರ... ಸೋಮವಾರ...” ಎನ್ನುತ್ತಿದ್ದಳು. ಅಪ್ಪನ ಕೊಪ್ಪರಿಗೆ ಗುಜರಿಗೆ ಹೋಗುವ ದಿನ. ರಂಗಸ್ವಾಮಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಪಶ್ಚಾತ್ತಾಪವೆಂದು ನೀವು ತಿಳಿದರೆ ತಪ್ಪು. ಹಸಿವು!

ಮನೆಗೆ ಬಂದರೆ ಕೊಟ್ಟಿಗೆಯಲ್ಲಿ ಹಸು ಅರಚುತ್ತಿತ್ತು. ಐದು ಗಂಟೆಗೆ ಡೈರಿಗೆ ಹಾಲು ಹಾಕಬೇಕು. ಊರಿನ ಎಲ್ಲ ಕೊಟ್ಟಿಗೆಯಿಂದಲೂ ಅದೇ ಅರಚಾಟ, ಜೊತೆಗೆ ಗಂಡಸರ ಬೈಗುಳ. ರಂಗಸ್ವಾಮಿ ಚೊಂಬು ಹಿಡಿದು ಕೂತ. ಹಸು ಒಮ್ಮೆ ಮೂಸಿತು, ಒದೆಯಿತು. ಚೊಂಬು ಕಲಗಚ್ಚಿನ ಬಾನಿಯೊಳಗೆ, ರಂಗಸ್ವಾಮಿ ಗಂಜಲದೊಳಗೆ.

ಪಕ್ಕದ ಕೊಟ್ಟಿಗೆಯಿಂದ ನಿಂಗರಾಜು ಕೂಗಿದ. “ರಂಗಣ್ಣಾ, ಅದ್ಕೆ ಹೆಂಗಸ್ರ ವಾಸ್ನೆ ಬೇಕು! ಅತ್ತಿಗೆ ಸೀರೆ ಸುತ್ಕಂಡು ಕೂತ್ಕೊ! ನಾನೂ ಅಂಗೇ ಕೂತಿವ್ನಿ!”

ಬೇರೆ ದಾರಿಯಿರಲಿಲ್ಲ. ಹಗ್ಗದ ಮೇಲಿದ್ದ ಯಶೋದಮ್ಮನ ಹೂವಿನ ಸೀರೆಯನ್ನು ರಂಗಸ್ವಾಮಿ ಸುತ್ತಿಕೊಂಡ, ಸೆರಗು ಹೊದ್ದ. ಹಸು ಮತ್ತೆ ಮೂಸಿತು. ನಿಟ್ಟುಸಿರು ಬಿಟ್ಟಿತು. ಮೋಸಹೋಯಿತೋ, ಪಾಪ ಎಂದುಕೊಂಡಿತೋ, ಅಂತೂ ನಿಂತಿತು. ಒಂದೂವರೆ ಲೀಟರು ಬಂತು! ಅವನ ಕೈಗೆ, ಹುಟ್ಟಿದಂದಿನಿಂದ ಮೊದಲ ಹಾಲು. ಎದೆಯುಬ್ಬಿಸಿ ಏಳುವಷ್ಟರಲ್ಲಿ ಬೀದಿಯ ತುದಿಯಿಂದ ನರಸಯ್ಯನ ಕೂಗು.

“ರಂಗಾ! ಬಾರ್ಲಾ! ಇರ್ವೆ ಕಣ್ಲಾ ಇರ್ವೆ!”

ರಂಗಸ್ವಾಮಿ ಓಡಿದ. ಸೀರೆ ಬಿಚ್ಚಬೇಕೆಂಬುದು ಅವನಿಗೆ ನೆನಪಾದದ್ದು ಗುಡಿಯೊಳಗೆ ನಿಂತ ಮೇಲೆ.

ಒಳಗೆ ಅದ್ಭುತ ನಡೆಯುತ್ತಿತ್ತು. ಕೆಂಪಿರುವೆಯ ಎರಡು ಸಾಲು ಪೀಠದಿಂದ ಹೊರಟು, ಒಂದು ಅಮ್ಮನ ಬಲಭುಜಕ್ಕೆ, ಇನ್ನೊಂದು ಎಡಭುಜಕ್ಕೆ, ಮೆರವಣಿಗೆಯಂತೆ ಶಿಸ್ತಾಗಿ ಏರುತ್ತಿದ್ದವು. ಹೆಂಗಸರು ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದರು. ಪ್ರಮೀಳಾ ಮೇಡಂ ಎದ್ದು ನಿಂತು ಕೈಯೆತ್ತಿದರು. “ಇದೇ ಉತ್ತರ! ಇರುವೆ ಅಂದ್ರೇನು? ಪರಿಶ್ರಮ! ಒಂದೊಂದೇ ಹೆಜ್ಜೆ! ಅಮ್ಮ ನಿಮಗೆ ಹೇಳ್ತಿದಾಳೆ ಯಶೋದಮ್ಮ!”

ಯಶೋದಮ್ಮ ಬೆಳಗಿನಿಂದ ಮೊದಲ ಸಲ ಎದ್ದು ನಿಂತಳು.

“ಇರ್ವೆಗೆ ಪರಿಶ್ರಮ ಬ್ಯಾಡ ಮೇಡಂ. ಬೆಲ್ಲ ಬೇಕು.”

ಮುಂದೆ ಹೋಗಿ ಮಂಗಳಾರತಿ ತಟ್ಟೆ ನೋಡಿದಳು. ಅದರ ಅಂಚಿನಲ್ಲಿ ಕರಿಯ ಹನಿಯೊಂದು ತೊಟ್ಟಿಕ್ಕಿ ಗಟ್ಟಿಯಾಗಿತ್ತು. ಉಗುರಿನಿಂದ ಕಿತ್ತು ನಾಲಿಗೆಗೆ ಇಟ್ಟುಕೊಂಡಳು. ಕಣ್ಣು ಮುಚ್ಚಿದಳು. ನರಸಯ್ಯ ಗಂಟೆಯ ಹಿಂದೆ ಅವಿತುಕೊಳ್ಳಲು ನೋಡಿದ. ಗಂಟೆ ಚಿಕ್ಕದಿತ್ತು.

“ನೀರು ಹಾಕಿಲ್ಲ” ಅಂದಳು ಯಶೋದಮ್ಮ. “ಉರಿ ಜಾಸ್ತಿ. ತಳ ಹತ್ತದೆ. ಹಿತ್ತಾಳೆ ಪಾತ್ರೆ, ಕಲಾಯಿ ಓಗಿರೋದು.” ಇನ್ನೊಮ್ಮೆ ಚಪ್ಪರಿಸಿದಳು. ಅವಳ ಮುಖ ಸಣ್ಣಗಾಯಿತು. “ಇದು ನಮ್ಮಪ್ಪ ಸಾಯೋ ವರ್ಷ ಇಳಿಸಿದ ಕೊನೇ ಅಚ್ಚು. ನಾಲ್ಕು ವರ್ಷದಿಂದ ಕುಡಿಕೇಲಿ ಕಟ್ಟಿ ಮಡಗಿದ್ದೆ. ಇನ್ನೆಲ್ಲೂ ಇಲ್ಲ ಇದು.”

ತಿರುಗಿ ನೋಡಿದಳು. ಬಾಗಿಲಲ್ಲಿ ಗಂಡ. ಬೆರಳಲ್ಲಿ ಬೊಬ್ಬೆ, ಮುಖದಲ್ಲಿ ಒಂದೂವರೆ ಮೀಸೆ, ಕೈಯಲ್ಲಿ ಹಾಲಿನ ಚೊಂಬು, ಮೈಮೇಲೆ ಅವಳದೇ ಹೂವಿನ ಸೀರೆ.

ರಂಗಸ್ವಾಮಿ ಬಾಯಿ ತೆರೆದ. ಲಾಠಿಯ ಮುಂದೆ, ಮಂತ್ರಿಗಳ ಮುಂದೆ, ನ್ಯಾಯಾಧೀಶರ ಮುಂದೆ ಕೆಡದ ಆ ಗಂಟಲಲ್ಲಿ ಒಂದು ಅಕ್ಷರ ಹುಟ್ಟಲಿಲ್ಲ. ಬಯ್ಯಲಿ ಎಂದು ತಲೆ ತಗ್ಗಿಸಿದ. ಅವಳು ಬಯ್ಯಲಿಲ್ಲ. ಹತ್ತಿರ ಬಂದು ಚೊಂಬಿನೊಳಗೆ ಇಣುಕಿ ನೋಡಿದಳು. ಜಾರುತ್ತಿದ್ದ ಸೆರಗನ್ನು ಅವನ ಹೆಗಲಿಗೆ ಸರಿಮಾಡಿದಳು.

“ಮೂವತ್ನಾಕು ವರ್ಷ ನಾನೇ ದಡ್ಡಿ. ನೀವು ಹೇಳಿದ್ದ ನಂಬ್ಬುಟ್ಟೆ. ಒಲೆ ಹಚ್ಚಾಕೆ ಬತ್ತದೆ. ಹಾಲು ಕರೆಯಾಕೆ ಬತ್ತದೆ. ಸೀರೆ ಉಡಾಕೂ ಬತ್ತದೆ. ಇನ್ನು ಆ ಮನೇಲಿ ನಂಗೇನು ಕೆಲ್ಸ?”

ಹದಿಮೂರು ಹೆಂಗಸರೂ ಗೊಳ್ಳೆಂದರು. ಯಶೋದಮ್ಮ ನಗಲಿಲ್ಲ. ಅಮ್ಮನಿಗೆ ಅಡ್ಡ ಬಿದ್ದು, ಅಲ್ಲೇ ಫೋನು ತೆಗೆದು, “ತಿಮ್ಮಾ, ಕೊಪ್ಪರಿಗೆ ಮುಟ್ಬ್ಯಾಡ. ನಾಳೆ ಬತ್ತೀನಿ” ಅಂದಳು.

ಶನಿವಾರ ಬೆಳಿಗ್ಗೆ ಎಂದಿನಂತೆ ಕೊಟ್ಟಿಗೆ ಬಾಚಿ ತಿಪ್ಪೆಗೆ ಸುರಿದು ಬಂದಳು. ಸ್ನಾನ ಮಾಡಿ, ಚೀಲ ಹಿಡಿದು, ಪಾಂಡವಪುರಕ್ಕೆ ಹೋಗಲು ನಾಗಮಂಗಲದ ಬಸ್ಸು ಹತ್ತಿದಳು. ರಂಗಸ್ವಾಮಿ ಒಳಗೆ ಬಂದು ನೋಡಿದರೆ, ತಿಪ್ಪೆಯಲ್ಲಿ ಹೂತಿದ್ದ ಹಿತ್ತಾಳೆ ಪಾತ್ರೆ ಒಲೆಯ ಮೇಲಿತ್ತು. ತಳದಲ್ಲಿ ಕರಕಲು ಹಾಗೇ. ಪಕ್ಕದಲ್ಲಿ ತೆಂಗಿನ ನಾರು, ಒಂದು ಹಿಡಿ ಬೂದಿ.

ಎರಡು ದಿನ ಉಜ್ಜಿದ. ಎರಡು ದಿನ ಅವಲಕ್ಕಿ ತಿಂದ. ಮಳೆ ನಿಲ್ಲಲಿಲ್ಲ. ಫೋಟೋದ ಹನ್ನೊಂದು ಜನವೂ ಮುಷ್ಟಿ ಎತ್ತಿ ಅವನನ್ನೇ ನೋಡುತ್ತಿದ್ದರು. ಅವರಲ್ಲಿ ಬದುಕಿರುವ ಇನ್ನು ಮೂವರಿಗೆ ಮುದ್ದೆ ತಿರುವಲು ಬರುತ್ತದೆಯೇ ಎಂದು ಯೋಚಿಸಿದ. ಬರುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು.

ಸೋಮವಾರ ಮಧ್ಯಾಹ್ನ ನರಸಯ್ಯ ಬಂದ. ಕೈಯಲ್ಲೊಂದು ಪೊಟ್ಟಣ.

“ಹೂ ಬಿದ್ವು ಕಣ್ಲಾ. ಇರ್ವೆ ಪಾಕನೆಲ್ಲಾ ತಿಂದ್ಬುಟ್ಟವೆ. ಬೆಳಿಗ್ಗೆ ಬಾಗ್ಲು ತೆಗೆದ್ರೆ ಆರೂ ಕೆಳಗೆ.”

“ಯಾವ್ ಕಡೀಕೆ?”

“ಎರಡೂ ಕಡೀಕೆ. ನೋಡಕ್ಕೆ ಯಾರೂ ಇರ್ಲಿಲ್ಲ.” ನರಸಯ್ಯ ಪೊಟ್ಟಣ ಬಿಚ್ಚಿದ. ರಾಗಿಹಿಟ್ಟು. “ದ್ಯಾವಿ ಇವತ್ತು ಹೂನೂ ಕೇಳ್ಲಿಲ್ಲ ಗೀನೂ ಕೇಳ್ಲಿಲ್ಲ. ಗಾಡಿ ನೋಡ್ಕಬತ್ತೀನಿ ಅಂತ ಒಂಟೋದ್ಲು. ರಂಗಾ, ಮುದ್ದೆ ತಿರುವಾದು ಎಂಗ್ಲಾ?”

ಇಬ್ಬರೂ ಒಲೆಯ ಮುಂದೆ ನಿಂತರು. ನೀರು ಮೊದಲೋ, ಹಿಟ್ಟು ಮೊದಲೋ? ನರಸಯ್ಯ ಹಿಟ್ಟು ಎಂದ. ರಂಗಸ್ವಾಮಿ ನೀರಿನ ಮಹತ್ವವನ್ನು ಈಚೆಗಷ್ಟೇ ಕಲಿತಿದ್ದ. ತೀರ್ಮಾನವಾಗದೆ, ಮರ್ಯಾದೆ ಬದಿಗಿಟ್ಟು, ಯಶೋದಮ್ಮನಿಗೆ ಫೋನು ಮಾಡಿದ.

ಆ ಕಡೆ ಬೆಂಕಿಯ ಭೋರೆಂಬ ಸದ್ದು, ಗೊಳಗೊಳ ಎನ್ನುವ ಸದ್ದು, ಅದರ ನಡುವೆ ಅವಳ ದನಿ. ಮನೆಯಲ್ಲಿ ಅವನು ಎಂದೂ ಕೇಳಿರದಷ್ಟು ಗಟ್ಟಿ ದನಿ.

“ಏನು, ಬೇಗ ಹೇಳಿ!”

“ಯಶೋದಾ, ಹಸಿವಾಗ್ತದೆ ಕಣಮ್ಮಿ. ಹಿಟ್ಟು ಮೊದ್ಲು ಹಾಕಾದೋ, ನೀರು ಮೊದ್ಲು...”

ಗೊಳಗೊಳ ನಿಂತು, ಪಿಸಪಿಸ ಎನ್ನುವುದು ಫೋನಿನಲ್ಲಿ ರಂಗಸ್ವಾಮಿಗೂ ಕೇಳಿಸಿತು.

“ಪಾಕ ಬರೋ ಹೊತ್ತು ಇದು” ಅಂದಳು ಯಶೋದಮ್ಮ. “ಒಸಿ ಮುಂದಕ್ಕಾಕಿ.”